ಮಳೆಗಾಲಕ್ಕೆ ಮೊದಲು ಬೈಕ್ ಚೈನ್: ಟೈಟ್ ಮಾಡುವುದಕ್ಕಿಂತ ಸಡಿಲ ಬಿಡುವುದು ಮುಖ್ಯ

ಜೂನ್ ಹತ್ತಿರ ಬಂತೆಂದರೆ ನಮ್ಮ ಮನೆಯ ಕಾಫಿ ಕಣಕ್ಕೆ ಬೈಕ್‌ಗಳು ಬರಲು ಶುರುವಾಗುತ್ತವೆ. ಕಾಫಿ ಒಣಗಿಸಿ, ಚೀಲ ಕಟ್ಟಿ, ಮಾರಿ ಆಗಿರುತ್ತದೆ. ಕಣ ಖಾಲಿ. ಕೊಡಗಿನಲ್ಲಿ ಸಮತಟ್ಟಾದ ಸಿಮೆಂಟ್ ನೆಲ ಸಿಗುವುದೇ ಕಷ್ಟ ಅಲ್ವಾ, ಹಾಗಾಗಿ ಊರಿನ ಹುಡುಗರಿಗೆ ಆ ಕಣವೂ ಬೇಕು, ನನ್ನ ಸ್ಪ್ಯಾನರ್ ಪೆಟ್ಟಿಗೆಯೂ ಬೇಕು.

ಹೋದ ವರ್ಷ ಹೀಗೇ ಒಬ್ಬ ಹುಡುಗ ಬೈಕ್ ತಳ್ಳಿಕೊಂಡು ಬಂದ. "ಅಣ್ಣಾ, ಚೈನ್ ಸೌಂಡ್ ಬರ್ತಿತ್ತು, ನಾನೇ ಟೈಟ್ ಮಾಡಿದೆ. ಈಗ ಎಂಜಿನ್ ಹತ್ರ ಆಯಿಲ್ ಸೋರ್ತಾ ಉಂಟು" ಅಂದ. ಚೈನ್ ಮುಟ್ಟಿ ನೋಡಿದೆ. ವೀಣೆಯ ತಂತಿಯ ಹಾಗೆ ನಿಂತಿತ್ತು. ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ಎಳೆಯುವ ಹಲ್ಲಿನ ಚಕ್ರ, ಕೂರುವ ಶಾಫ್ಟ್‌ನ ಆಯಿಲ್ ಸೀಲ್ ಹೋಗಿತ್ತು. ಒಳಗಿನ ಬೇರಿಂಗ್ ಕೂಡ ಗರಗರ ಅನ್ನುತ್ತಿತ್ತು. ಆ ಬೇರಿಂಗ್ ಬದಲಿಸಲು ಪೂರ್ತಿ ಎಂಜಿನ್ ಬಿಚ್ಚಬೇಕು. ಎರಡು ತಿಂಗಳ ಹಿಂದೆ ಸುಮ್ನೆ ಒಂದು ಬೆರಳಿನಷ್ಟು ಸಡಿಲ ಬಿಟ್ಟಿದ್ದರೆ ಈ ಖರ್ಚು ಬರುತ್ತಿರಲಿಲ್ಲ.

ಇಂಥ ಬೈಕ್‌ಗಳನ್ನು ಪ್ರತಿ ವರ್ಷ ನೋಡುತ್ತೇನೆ. ಎಣ್ಣೆ ಇಲ್ಲದೆ ಹಾಳಾಗುವ ಚೈನ್‌ಗಿಂತ ಅತಿಯಾಗಿ ಬಿಗಿದು ಹಾಳಾಗುವ ಚೈನೇ ನಮ್ಮ ಕಣಕ್ಕೆ ಬರುವುದು ಜಾಸ್ತಿ. ಆದ್ದರಿಂದ ಈ ಕೆಲಸವನ್ನು ನಾನು ಮಾಡುವ ಕ್ರಮದಲ್ಲೇ ಹೇಳುತ್ತೇನೆ.

ಏನೇನು ಬೇಕು

ನಿಮ್ಮ ಬೈಕ್‌ನ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ನಟ್‌ಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್, ಚಕ್ರವನ್ನು ಹಿಂದೆ ಎಳೆಯುವ ಅಡ್ಜಸ್ಟರ್ ಬೋಲ್ಟ್‌ಗೆ ಚಿಕ್ಕ ಸ್ಪ್ಯಾನರ್, ಕಟಿಂಗ್ ಪ್ಲೈಯರ್, ಒಂದು ಅಡಿಯ ಸ್ಟೀಲ್ ಸ್ಕೇಲ್, ಹಳೆಯ ಟೂತ್ ಬ್ರಷ್, ಹತ್ತಿ ಬಟ್ಟೆ, ಸೀಮೆಎಣ್ಣೆ, ಎಸ್‌ಎಇ 90 ಗೇರ್ ಆಯಿಲ್, ಆಕ್ಸಲ್ ನಟ್ ಕಳಚದಂತೆ ತಡೆಯುವ ಒಂದು ಹೊಸ ಸ್ಪ್ಲಿಟ್ ಪಿನ್. ಆಕ್ಸಲ್ ನಟ್‌ಗೆ ಅಡ್ಜಸ್ಟೇಬಲ್ ಸ್ಪ್ಯಾನರ್ ಹಾಕಬೇಡಿ. ನಟ್‌ನ ಮೂಲೆಗಳು ಉರುಟಾಗುತ್ತವೆ, ಆಮೇಲೆ ಉಳಿಯುವುದು ಉಳಿ ಸುತ್ತಿಗೆ ಮಾತ್ರ.

ಮೊದಲ ಮಾತು, ಎಂಜಿನ್ ಆಫ್

ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿ. ಗೇರ್ ಹಾಕಿ ಎಂಜಿನ್ ಓಡಿಸುತ್ತಾ ಚೈನ್‌ಗೆ ಬಟ್ಟೆ ಹಿಡಿಯುವವರನ್ನು ನೀವೂ ನೋಡಿರುತ್ತೀರಿ. ಬೇಗ ಆಗುತ್ತದೆ, ನಿಜ. ಆದರೆ ಬಟ್ಟೆಯ ಒಂದು ಎಳೆ ಹಲ್ಲಿಗೆ ಸಿಕ್ಕಿದರೆ ಬೆರಳು ಹಿಂದೆ ತೆಗೆಯಲು ಸಮಯವೇ ಇರುವುದಿಲ್ಲ. ನಮ್ಮ ಊರಿನಲ್ಲೇ ಹೀಗೆ ಬೆರಳ ತುದಿ ಕಳೆದುಕೊಂಡವರಿದ್ದಾರೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಕೈ ಸ್ಪ್ರಾಕೆಟ್‌ನ ಹತ್ತಿರ ಬೇಡ, ಟೈರ್ ಹಿಡಿದು ತಿರುಗಿಸಿ.

ತೊಳೆಯುವುದು

ಬ್ರಷ್‌ನಲ್ಲಿ ಸೀಮೆಎಣ್ಣೆ ಹಚ್ಚಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಒಣಗಲು ಬಿಡಿ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಸಾದಾ ಚೈನ್‌ಗೆ ಡೀಸೆಲ್ ಕೂಡ ನಡೆಯುತ್ತದೆ. ಪೆಟ್ರೋಲ್ ಬೇಡವೇ ಬೇಡ. ನಿಮ್ಮದು ಓ-ರಿಂಗ್ ಚೈನ್ ಆಗಿದ್ದರೆ ಪ್ಲೇಟ್‌ಗಳ ನಡುವೆ ಸಣ್ಣ ಕಪ್ಪು ರಬ್ಬರ್ ಬಳೆಗಳು ಕಾಣುತ್ತವೆ. ಕಂಪನಿ ತುಂಬಿದ ಗ್ರೀಸ್ ಅದರ ಒಳಗಿದೆ. ತಂತಿ ಬ್ರಷ್, ಪೆಟ್ರೋಲ್, ವಾಟರ್ ಸರ್ವೀಸ್‌ನವರ ಜೋರು ನೀರು, ಈ ಮೂರೂ ಆ ರಬ್ಬರ್ ಅನ್ನು ಕೆಡಿಸುತ್ತವೆ. ರಬ್ಬರ್ ಹೋದರೆ ಗ್ರೀಸ್ ಹೊರಗೆ, ನೀರು ಒಳಗೆ.

ಪೂರ್ತಿ ಚೈನ್ ಕವರ್ ಇರುವ ಬೈಕ್‌ನವರು ಕವರ್ ಬಿಚ್ಚಿಯೇ ತೊಳೆಯಬೇಕು. ಒಳಗಿರುವ ಚೈನ್‌ಗೆ ಏನೂ ಆಗುವುದಿಲ್ಲ ಎಂದು ಹೆಚ್ಚಿನವರು ನಂಬಿದ್ದಾರೆ. ತೋಟದ ದಾರಿಯ ಕೆಂಪು ಮಣ್ಣು ಅದರೊಳಗೂ ಹೋಗಿ ಕೂರುತ್ತದೆ.

ತೊಳೆದ ಕೊಳೆ ಎಣ್ಣೆಯನ್ನು ಚರಂಡಿಗೆ ಚೆಲ್ಲಬೇಡಿ, ಡಬ್ಬಿಯಲ್ಲಿ ಹಿಡಿದಿಡಿ. ನಮ್ಮ ಕಡೆಯ ತೋಡುಗಳಲ್ಲಿ ಹೆಚ್ಚಿನವು ಕೊನೆಗೆ ಸೇರುವುದು ಕಾವೇರಿಗೆ.

ಚೈನ್ ಇನ್ನೂ ಬದುಕಿದೆಯಾ?

ಅಡ್ಜಸ್ಟ್ ಮಾಡುವ ಮೊದಲು ಇದನ್ನು ನೋಡಿ. ಎಷ್ಟೋ ಬೈಕ್‌ಗಳಲ್ಲಿ 428 ನಂಬರಿನ ಚೈನ್ ಇರುತ್ತದೆ, ಪ್ಲೇಟ್ ಮೇಲೆ ಬರೆದಿರುತ್ತದೆ. ಅದರ ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ 12.7 ಮಿಲಿಮೀಟರ್, ಅಂದರೆ ಅರ್ಧ ಇಂಚು. ಚೈನ್ ಎಳೆದು ಹಿಡಿದು, ಒಂದು ಪಿನ್‌ನ ನಡುವಿನಿಂದ ಶುರು ಮಾಡಿ 20 ಕೊಂಡಿ ಅಳೆಯಿರಿ. ಹೊಸದಾಗಿದ್ದರೆ 254 ಮಿಲಿಮೀಟರ್ ಬರುತ್ತದೆ. 259 ಬಂತೆಂದರೆ ನೂರಕ್ಕೆ ಎರಡರಷ್ಟು ಎಳೆದಿದೆ, ಅದರ ಕಾಲ ಮುಗಿಯಿತು. ಹಿಂದಿನ ಸ್ಪ್ರಾಕೆಟ್‌ನ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೂ ಅಷ್ಟೇ.

ಆಗ ಒಂದು ಜೋಡಿ ಕೊಂಡಿ ಕತ್ತರಿಸಿ ಮತ್ತೆ ಕೂಡಿಸಿ ಕೊಡುವವರಿದ್ದಾರೆ. ಒಪ್ಪಬೇಡಿ. ಸವೆದಿರುವುದು ಕತ್ತರಿಸಿದ ಆ ಜೋಡಿ ಮಾತ್ರ ಅಲ್ಲ, ಪ್ರತಿ ಪಿನ್ನೂ ಸವೆದಿದೆ. ಚೈನ್ ಒಂದನ್ನೇ ಬದಲಿಸಿ ಹಳೆಯ ಸ್ಪ್ರಾಕೆಟ್ ಉಳಿಸುವುದೂ ತಪ್ಪು. ಹಳೆಯ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ. ಸೆಟ್ ಪೂರ್ತಿ ಬದಲಿಸಿ. ಪ್ಯಾಕ್ ಇಲ್ಲದೆ ಪೇಪರಿನಲ್ಲಿ ಸುತ್ತಿ ಕೊಡುವ ಅಗ್ಗದ ಸೆಟ್ ಬೇಡ. ಅಂಥ ಒಂದು ಸೆಟ್ ಒಂದೇ ಮಳೆಗಾಲಕ್ಕೆ ಜೋತು ಬಿದ್ದದ್ದನ್ನು ನಾನೇ ಬಿಚ್ಚಿದ್ದೇನೆ.

ಸಡಿಲ ಎಷ್ಟಿರಬೇಕು, ಯಾಕಿರಬೇಕು

ಇಲ್ಲಿ ನಿಧಾನವಾಗಿ ಓದಿ. ಎಲ್ಲರೂ ಎಡವುವುದು ಇಲ್ಲೇ.

ಹಿಂದಿನ ಚಕ್ರ ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಎಂಬ ಕವಲಿನ ತುದಿಯಲ್ಲಿದೆ. ಆರ್ಮ್ ಮೇಲೆ ಕೆಳಗೆ ಆಡುವುದು ಒಂದು ದಪ್ಪ ಬೋಲ್ಟ್‌ನ ಸುತ್ತ. ಮುಂದಿನ ಸ್ಪ್ರಾಕೆಟ್ ಆ ಬೋಲ್ಟ್ ಇರುವ ಜಾಗದಲ್ಲಿಲ್ಲ, ಅದಕ್ಕಿಂತ ಮುಂದಿದೆ. ಹಾಗಾಗಿ ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಬದಲಾಗುತ್ತದೆ. ಮುಂದಿನ ಸ್ಪ್ರಾಕೆಟ್, ಆರ್ಮ್‌ನ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ದೂರ ಅತಿ ಹೆಚ್ಚು. ಚೈನ್ ಅತಿ ಬಿಗಿಯಾಗುವುದೂ ಆಗಲೇ.

ಸ್ಟ್ಯಾಂಡ್ ಮೇಲೆ ನಿಂತ ಬೈಕ್‌ನಲ್ಲಿ ಚಕ್ರ ಕೆಳಗೆ ಇಳಿದಿರುತ್ತದೆ. ಆಗ ಚೈನ್ ಸಡಿಲ ಕಾಣುತ್ತದೆ. ನೀವು ಅದನ್ನೇ ನೋಡಿ ಬಿಗಿ ಮಾಡುತ್ತೀರಿ. ಆಮೇಲೆ ಹಿಂದೆ ಒಬ್ಬರು ಕೂತು, ಮಧ್ಯೆ ಅಕ್ಕಿ ಚೀಲ ಇಟ್ಟುಕೊಂಡು, ತೋಟದ ಗುಂಡಿಗೆ ಇಳಿದಾಗ ಚಕ್ರ ಮೇಲೆ ಬರುತ್ತದೆ. ಚೈನ್‌ಗೆ ಇನ್ನಷ್ಟು ಉದ್ದ ಬೇಕು, ಕೊಡಲು ಉಳಿದಿಲ್ಲ. ಆ ಎಳೆತ ನೇರವಾಗಿ ಎಂಜಿನ್ ಶಾಫ್ಟ್‌ನ ಬೇರಿಂಗ್‌ಗೆ ಹೋಗುತ್ತದೆ. ಪ್ರತಿ ಗುಂಡಿಗೂ ಒಂದು ಏಟು. ಆ ಹುಡುಗನ ಬೈಕ್‌ಗೆ ಆದದ್ದು ಇದೇ.

ಅಳೆಯುವುದು ಹೀಗೆ. ಕೆಳಗಿನ ಚೈನ್‌ನ ನಡುವಿಗೆ, ಎರಡು ಸ್ಪ್ರಾಕೆಟ್‌ಗಳಿಗೂ ಸಮ ದೂರದಲ್ಲಿ, ಸ್ಕೇಲ್ ಹಿಡಿಯಿರಿ. ಬೆರಳಿನಿಂದ ಚೈನ್ ಅನ್ನು ಪೂರ್ತಿ ಕೆಳಗೆ ಒತ್ತಿ, ಆಮೇಲೆ ಪೂರ್ತಿ ಮೇಲಕ್ಕೆ ಎತ್ತಿ. ಆ ಎರಡು ಗುರುತುಗಳ ನಡುವಿನ ಅಂತರವೇ ಸಡಿಲ. ಹೆಚ್ಚಿನ 100ರಿಂದ 150 ಸಿಸಿ ಬೈಕ್‌ಗಳಿಗೆ ಇದು 20ರಿಂದ 30 ಮಿಲಿಮೀಟರ್ ಇರಬೇಕು. ಕಚ್ಚಾ ರಸ್ತೆಗೆಂದೇ ಮಾಡಿದ ಎತ್ತರದ ಬೈಕ್‌ಗಳಿಗೆ ಇನ್ನೂ ಜಾಸ್ತಿ. ನಿಮ್ಮದಕ್ಕೆ ಎಷ್ಟು, ಯಾವ ಸ್ಟ್ಯಾಂಡ್ ಹಾಕಿ ಅಳೆಯಬೇಕು ಎನ್ನುವುದು ಮ್ಯಾನುಯಲ್‌ನಲ್ಲಿದೆ. ಕೆಲವು ಬೈಕ್‌ಗಳಲ್ಲಿ ಸ್ವಿಂಗ್ ಆರ್ಮ್ ಮೇಲೆ ಸ್ಟಿಕ್ಕರ್ ಕೂಡ ಇರುತ್ತದೆ.

ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಆರೇಳು ಕಡೆ ನೋಡಿ. ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಚೈನ್‌ನ ಕೊಂಡಿಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹೊಂದಿಸುವುದು ಆ ಜಾಗಕ್ಕೆ. ಸಡಿಲ ಜಾಗ ನೋಡಿ ಹೊಂದಿಸಿದರೆ ಬಿಗಿ ಜಾಗ ಬಂದಾಗಲೆಲ್ಲ ಬೇರಿಂಗ್‌ಗೆ ಏಟು.

20ರಿಂದ 30 ಎಂದಿದ್ದರೆ ನಾನು 30ರ ಕಡೆಗೇ ಬಿಡುತ್ತೇನೆ. ನಮ್ಮ ರಸ್ತೆಗೆ, ನಾವು ಹೇರುವ ಭಾರಕ್ಕೆ ಅದೇ ಸರಿ.

ಸಡಿಲಿಸಿ, ಎಳೆದು, ನೇರ ಮಾಡುವುದು

ಸ್ಪ್ಲಿಟ್ ಪಿನ್ ತೆಗೆದು ಆಕ್ಸಲ್ ನಟ್ ಸಡಿಲಿಸಿ. ಇಲ್ಲೊಂದು ಮರೆಯುವ ಜಾಗ ಇದೆ. ಹಲವು ಬೈಕ್‌ಗಳಲ್ಲಿ ಸ್ಪ್ರಾಕೆಟ್ ಕಡೆ ಇನ್ನೊಂದು ದೊಡ್ಡ ನಟ್ ಇರುತ್ತದೆ, ಸ್ಲೀವ್ ನಟ್ ಅಂತ. ಅದನ್ನೂ ಸಡಿಲಿಸಬೇಕು. ಬಿಟ್ಟರೆ ಒಂದು ಬದಿ ಮಾತ್ರ ಹಿಂದೆ ಹೋಗಿ ಚಕ್ರ ಓರೆಯಾಗುತ್ತದೆ. ಜನ ಅಡ್ಜಸ್ಟರ್ ಬೋಲ್ಟ್‌ನ ಮರೆ (ಥ್ರೆಡ್) ಹಾರಿಸುವುದು ಹೀಗೇ. ತಿರುಗದಿದ್ದರೆ ಬಲ ಹಾಕುವ ಮೊದಲು ಬಿಚ್ಚಲು ಬಾಕಿ ಇರುವ ನಟ್ ಹುಡುಕಿ.

ಈಗ ಎರಡೂ ಬದಿಯ ಅಡ್ಜಸ್ಟರ್ ತಿರುಗಿಸಿ. ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು. ಒಂದೇ ಕಡೆ ನಾಲ್ಕು ಸುತ್ತು ಹಾಕಿ ಆಮೇಲೆ ಇನ್ನೊಂದು ಕಡೆ ಸರಿ ಮಾಡುತ್ತೇನೆ ಅನ್ನಬೇಡಿ, ಲೆಕ್ಕ ತಪ್ಪುತ್ತದೆ.

ಆರ್ಮ್ ಮೇಲೆ ಗೆರೆಗಳಿರುತ್ತವೆ. ಎರಡೂ ಬದಿ ಒಂದೇ ಗೆರೆಗೆ ಬಂದರೆ ಸರಿ ಎಂದು ಹೇಳುತ್ತಾರೆ. ಹೊಸ ಬೈಕ್‌ಗೆ ಅದು ಸಾಕು. ಒಮ್ಮೆ ಬಿದ್ದು ಎದ್ದ ಬೈಕ್‌ಗೆ ನಾನು ಗೆರೆಯನ್ನು ನಂಬುವುದಿಲ್ಲ. ಆರ್ಮ್ ಬೋಲ್ಟ್‌ನ ನಡುವಿನಿಂದ ಆಕ್ಸಲ್‌ನ ನಡುವಿಗೆ ಹಿಗ್ಗದ ತಂತಿ ಹಿಡಿದು ಎರಡೂ ಬದಿ ಅಳೆಯುತ್ತೇನೆ. ಆಮೇಲೆ ಹಿಂದೆ ಕೂತು, ಕಣ್ಣನ್ನು ಚೈನ್‌ನ ಮಟ್ಟಕ್ಕೆ ತಂದು, ಸ್ಪ್ರಾಕೆಟ್‌ನಿಂದ ಮುಂದಕ್ಕೆ ನೋಡಿ. ಚೈನ್ ನೇರ ಗೆರೆಯಾಗಿ ಹೋಗಬೇಕು. ಸ್ಪ್ರಾಕೆಟ್ ಬಿಡುವ ಜಾಗದಲ್ಲಿ ಒಂದು ಕಡೆಗೆ ಸೊಟ್ಟ ಕಂಡರೆ ಚಕ್ರ ಓರೆ ಇದೆ. ಹಲ್ಲಿನ ಒಂದೇ ಬದಿ ಹೊಳೆಯುತ್ತಿದ್ದರೆ ಬಹಳ ದಿನದಿಂದ ಓರೆ ಇದೆ.

ನಟ್ ಬಿಗಿಯುವಾಗ ಆಕ್ಸಲ್ ಜರುಗದ ಹಾಗೆ ಒಂದು ಉಪಾಯ ಮಾಡಿ. ಬಟ್ಟೆಯನ್ನು ದಪ್ಪಗೆ ಮಡಚಿ, ಕೆಳಗಿನ ಚೈನ್ ಹಿಂದಿನ ಸ್ಪ್ರಾಕೆಟ್‌ಗೆ ಸೇರುವ ಜಾಗಕ್ಕೆ ಇಡಿ. ಕೈ ತೆಗೆದ ಮೇಲೆ ಚಕ್ರವನ್ನು ಮುಂದಕ್ಕೆ ನಿಧಾನ ತಿರುಗಿಸಿ. ಬಟ್ಟೆ ಸಿಕ್ಕಿಕೊಂಡು ಚೈನ್ ಬಿಗಿಯಾಗಿ, ಆಕ್ಸಲ್ ಅಡ್ಜಸ್ಟರ್‌ಗೆ ಒತ್ತಿ ಕೂರುತ್ತದೆ. ಹಾಗೇ ಬಿಗಿದು, ಆಮೇಲೆ ಚಕ್ರ ಹಿಂದಕ್ಕೆ ತಿರುಗಿಸಿ ಬಟ್ಟೆ ತೆಗೆಯಿರಿ. ಸಡಿಲ ಮತ್ತೆ ಅಳೆಯಿರಿ. ನಟ್ ಬಿಗಿದಾಗ ಚೈನ್ ಸ್ವಲ್ಪ ಬಿಗಿಯಾಗುವುದು ಮಾಮೂಲು. ಕಡಿಮೆ ಬಂದರೆ ಪುನಃ ಮಾಡಿ. ಬೇಜಾರು ಪಟ್ಟುಕೊಂಡು "ಇಷ್ಟೇ ಸಾಕು" ಎಂದು ಎದ್ದುಬಿಡುವುದು ಈ ಹಂತದಲ್ಲೇ.

ಕೊನೆಗೆ ಸ್ಟ್ಯಾಂಡ್ ಇಳಿಸಿ ಇಬ್ಬರನ್ನು ಕೂರಿಸಿ, ನೀವು ಕೆಳಗೆ ಕೂತು ಚೈನ್ ಮುಟ್ಟಿ ನೋಡಿ. ಆಗಲೂ ಸ್ವಲ್ಪ ಆಡಬೇಕು. ಆಡದಿದ್ದರೆ ಸ್ಕೇಲ್ ಏನೇ ಹೇಳಲಿ, ಇನ್ನೂ ಸಡಿಲಿಸಿ. ಹಳೆಯ ಸ್ಪ್ಲಿಟ್ ಪಿನ್ ಎಸೆದು ಹೊಸದು ಹಾಕಿ.

ಬ್ರೇಕ್ ಮರೆಯಬೇಡಿ

ಚಕ್ರ ಹಿಂದೆ ಹೋದರೆ ಡ್ರಮ್ ಬ್ರೇಕ್‌ನ ರಾಡ್ ಎಳೆದುಕೊಂಡು ಬ್ರೇಕ್ ಹಿಡಿಯುತ್ತದೆ. ರಾಡ್ ತುದಿಯ ನಟ್ ಸಡಿಲಿಸಿ, ಪೆಡಲ್‌ಗೆ ಮ್ಯಾನುಯಲ್ ಹೇಳಿದಷ್ಟು ಆಟ ಬಿಡಿ. ಚಕ್ರ ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ಸುತ್ತಬೇಕು. ಬ್ರೇಕ್ ಲೈಟ್ ಆರಿದೆಯಾ ಎಂದೂ ನೋಡಿ.

ಎಣ್ಣೆ

ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿಯನ್ನು ಅಷ್ಟು ಪ್ರೀತಿಯಿಂದ ಒರೆಸಿ ಎಣ್ಣೆ ಹಚ್ಚುವ ನಮ್ಮ ಜನ ಚೈನ್‌ಗೆ ಮಾತ್ರ ಸುಟ್ಟ ಎಂಜಿನ್ ಆಯಿಲ್ ಸುರಿಯುವುದು ನೋಡಿದರೆ ನನಗೆ ನೋವಾಗುತ್ತದೆ. ಅದರಲ್ಲಿ ಮಸಿ ಮತ್ತು ಲೋಹದ ಪುಡಿ ಇದೆ. ತೆಳ್ಳಗಿರುವುದರಿಂದ ಹಿಂದಿನ ಟೈರ್‌ಗೂ ಸಿಡಿಯುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲಿ ಎಣ್ಣೆ ಹತ್ತಿದ ಟೈರ್ ಎಂದರೆ ಪ್ರಾಣದ ಪ್ರಶ್ನೆ. ಗ್ರೀಸ್ ಕೂಡ ಬೇಡ, ಅದು ಪಿನ್ ಸುತ್ತ ತಿರುಗುವ ರೋಲರ್ ಒಳಗೆ ಇಳಿಯದೆ ಹೊರಗೆ ಮಣ್ಣು ಹಿಡಿದು ಕೂರುತ್ತದೆ. ಡಬ್ಲ್ಯುಡಿ-40 ಒಳ್ಳೆಯ ವಸ್ತು, ಆದರೆ ಅದು ಮೊದಲು ತಯಾರಾದದ್ದು ನೀರು ಹೊರಗೆ ತಳ್ಳಲು. ನೆನೆದ ಚೈನ್‌ಗೆ ಹೊಡೆದು ಒರೆಸಿ, ಆಮೇಲೆ ಎಣ್ಣೆ ಬೇರೆ ಹಾಕಿ.

ಗೇರ್ ಆಯಿಲ್ ಅನ್ನು ಕೆಳಗಿನ ಚೈನ್‌ನ ಒಳಬದಿಗೆ, ಹನಿ ಹನಿಯಾಗಿ, ಚಕ್ರ ತಿರುಗಿಸುತ್ತಾ ಹಾಕಿ. ಓಡುವಾಗ ಎಣ್ಣೆ ಹೊರಕ್ಕೆ ಚಿಮ್ಮುತ್ತದೆ, ಹಾಗಾಗಿ ಒಳಗಿನಿಂದ ಹಾಕಿದ್ದು ರೋಲರ್ ದಾಟಿ ಬರುತ್ತದೆ. ಬೆಳಿಗ್ಗೆ ಹೊರಡುವ ಮೊದಲು ಹಾಕಬೇಡಿ. ರಾತ್ರಿ ಮನೆಗೆ ಬಂದಾಗ ಚೈನ್ ಬೆಚ್ಚಗಿರುತ್ತದೆ, ಆಗ ಹಾಕಿ. ಬೆಳಿಗ್ಗೆ ಹೆಚ್ಚಿನದನ್ನು ಒರೆಸಿ. ಬೇಸಿಗೆಯಲ್ಲಿ 500 ಕಿಲೋಮೀಟರ್‌ಗೊಮ್ಮೆ ಸಾಕು. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಹಾಗಲ್ಲ, ಚೆನ್ನಾಗಿ ನೆನೆದ ದಿನವೆಲ್ಲ ಒರೆಸಿ ಎಣ್ಣೆ ಹಾಕಿ. ನಾಪೋಕ್ಲು, ಭಾಗಮಂಡಲ ಕಡೆ ರಸ್ತೆಗೆ ಬಂದ ಹೊಳೆ ನೀರು ದಾಟಿದ ದಿನವಂತೂ ತಪ್ಪಿಸಲೇಬೇಡಿ.

ಚೈನ್ ಪೂರ್ತಿ ಬಿಚ್ಚಿದ್ದರೆ

ಕೂಡುವ ಕೊಂಡಿಯ ಕ್ಲಿಪ್‌ಗೆ ಒಂದು ತುದಿ ಮುಚ್ಚಿದೆ, ಒಂದು ತುದಿ ಸೀಳಿದೆ. ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಅಂದರೆ ಕೊಂಡಿ ಮೇಲಿನ ಸಾಲಿನಲ್ಲಿದ್ದಾಗ ಅದು ಎಂಜಿನ್ ಕಡೆ ನೋಡಬೇಕು. ಇಪ್ಪತ್ತರ ವಯಸ್ಸಿನಲ್ಲಿ ನಾನು ಇದನ್ನು ತಿರುಗುಮುರುಗು ಹಾಕಿ ಸಂಪಾಜೆ ಘಾಟಿ ಇಳಿದಿದ್ದೆ. ಜೋಡುಪಾಲ ದಾಟಿದ ಮೇಲೆ ಕ್ಲಿಪ್ ಹಾರಿ, ಚೈನ್ ಕಳಚಿ ರಸ್ತೆಗೆ ಬಿತ್ತು. ಅದು ಚಕ್ರಕ್ಕೆ ಸುತ್ತಿಕೊಂಡಿದ್ದರೆ ನಾನು ಬೈಕ್ ಸಮೇತ ಕಣಿವೆಯಲ್ಲಿರುತ್ತಿದ್ದೆ. ಅಂದಿನಿಂದ ಕ್ಲಿಪ್ ಹಾಕಿದ ಮೇಲೆ ಚಕ್ರವನ್ನು ಮೂರು ಸುತ್ತು ತಿರುಗಿಸಿ, ಬೆರಳಿಟ್ಟು ನೋಡದೆ ಏಳುವುದಿಲ್ಲ.

ಹೊಸ ಚೈನ್ ಸೆಟ್ ಹಾಕಿದವರು ಮೊದಲ 300 ಕಿಲೋಮೀಟರ್ ಒಳಗೆ ಇನ್ನೊಮ್ಮೆ ಸಡಿಲ ಅಳೆಯಿರಿ. ಹೊಸ ಚೈನ್ ಶುರುವಿನಲ್ಲಿ ಸ್ವಲ್ಪ ಎಳೆಯುತ್ತದೆ. ಆಗಲೂ ಅಳತೆ ಅತಿ ಬಿಗಿ ಇರುವ ಜಾಗದಲ್ಲೇ.