ಶುಕ್ರವಾರದ ಓಟ ಬಿಟ್ಟೆ, ಚಂದಾ ಬಂತು: ತಡವಾಗಿ ವಿಮರ್ಶೆ ಮಾಡುವವನ ಅನುಭವ

ಈಗ ವಾಟ್ಸಾಪ್‌ನಲ್ಲಿ ಕಳಿಸುವ ನನ್ನ ಧ್ವನಿ ವಿಮರ್ಶೆಗೆ ಹತ್ತಿರಹತ್ತಿರ ಏಳುನೂರು ಜನ ವರ್ಷದ ಚಂದಾ ಕಟ್ಟಿದ್ದಾರೆ. ತಲೆಗೆ 300 ರೂಪಾಯಿ. ಶುರು ಮಾಡಿದಾಗ ಈ ಲೆಕ್ಕ ಹೇಳಿದ್ದರೆ ನಮ್ಮ ಬಳಗದಲ್ಲಿ ಯಾರೂ ನಂಬುತ್ತಿರಲಿಲ್ಲ. ‘ಸಿನಿಮಾ ಬಂದು ತಿಂಗಳಾದ ಮೇಲೆ ವಿಮರ್ಶೆನಾ? ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಊಟಕ್ಕೆ ಕರೆದ ಹಾಗಾಯ್ತಲ್ಲ ಮಗಾ’ ಅಂತ ಬೆಂಗಳೂರಿನ ಗೆಳೆಯನೊಬ್ಬ ನಕ್ಕಿದ್ದ. ಅವನೂ ಈಗ ಚಂದಾದಾರ. ರಿಯಾಯಿತಿ ಕೇಳಿದ, ಕೊಡಲಿಲ್ಲ.

ನಾನು ಮೈಸೂರಿನವನು. ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಸಿನಿಮಾ, ಹಾಡು, ಧಾರಾವಾಹಿ, ಪುಸ್ತಕ ಎಲ್ಲಾ ರಾತ್ರಿ ಪಾಳಿ. ಈ ಬರಹ ನನ್ನ ಹಾಗೆ ಈಗಾಗಲೇ ವಿಮರ್ಶೆ ಮಾಡುತ್ತಿರುವವರಿಗೆ. ಹಾಗಾಗಿ ಕ್ಯಾಮೆರಾ, ಎಡಿಟಿಂಗ್, ಸ್ಟಾರ್ ಕೊಡುವುದು ಹೇಗೆ ಅಂತೆಲ್ಲ ಹೇಳುವುದಿಲ್ಲ.

ಮೊದಲು ನಾನೂ ಎಲ್ಲರ ಹಾಗೆ ಯೂಟ್ಯೂಬ್‌ನಲ್ಲಿದ್ದೆ. ಶುಕ್ರವಾರ ಬೆಳಗಿನ ಆಟ, ಇಂಟರ್ವಲ್‌ನಲ್ಲೇ ಅರ್ಧ ಮಾತು ತಯಾರು, ಸಿನಿಮಾ ಬಿಟ್ಟ ತಕ್ಷಣ ಪಾರ್ಕಿಂಗ್‌ನಲ್ಲಿ ನಿಂತು ರೆಕಾರ್ಡಿಂಗ್. ಸಾವಿರ ಸಬ್‌ಸ್ಕ್ರೈಬರ್, ನಾಲ್ಕು ಸಾವಿರ ಗಂಟೆ ವೀಕ್ಷಣೆ ಅಂತ ಜಾಹೀರಾತಿನ ದುಡ್ಡು ಕೊಡಲು ಯೂಟ್ಯೂಬ್ ಇಟ್ಟ ಗೆರೆ ದಾಟುವುದಕ್ಕೇ ವರ್ಷ ಹಿಡಿಯಿತು. ದಾಟಿದ ಮೇಲೆ ಬಂದದ್ದೆಷ್ಟು? ನೂರು ಡಾಲರ್ ತುಂಬಿದರೆ ತಾನೇ ದುಡ್ಡು ಕೈಗೆ ಬರುವುದು. ಇಡೀ ವರ್ಷಕ್ಕೆ ಎಂಟೊಂಬತ್ತು ಸಾವಿರ ಸಿಕ್ಕಿರಬೇಕು. ಟಿಕೆಟ್ಟು, ಪೆಟ್ರೋಲು, ಪಾರ್ಕಿಂಗ್ ಸೇರಿ ಮೂವತ್ತು ಸಾವಿರದ ಮೇಲೆ ಹೋಗಿತ್ತು. ಮೇಲಿಂದ ಬೈಗುಳ. ಚೆನ್ನಾಗಿದೆ ಅಂದರೆ ‘ಎಷ್ಟು ತಗೊಂಡೆ’ ಅನ್ನುತ್ತಾರೆ. ಚೆನ್ನಾಗಿಲ್ಲ ಅಂದರೆ ಅಭಿಮಾನಿಗಳು ಮನೆಯವರನ್ನೆಲ್ಲ ಎಳೆದು ತರುತ್ತಾರೆ. ಹಾಡಿನ ಹತ್ತು ಸೆಕೆಂಡ್ ತುಣುಕು ಹಾಕಿದ್ದಕ್ಕೆ ಕಾಪಿರೈಟ್ ನೋಟಿಸ್ ಬಂದು ಒಂದು ವಿಡಿಯೊದ ಪೂರ್ತಿ ಗಳಿಕೆ ಇನ್ನೊಬ್ಬರ ಪಾಲಾಯಿತು.

ಆದರೆ ಲೆಕ್ಕ ಬರೆಯುವವನಿಗೆ ಅಂಕಿ ನೋಡುವ ಚಟ ಬಿಡುವುದಿಲ್ಲ. ಒಂದು ಸಂಗತಿ ಕಣ್ಣಿಗೆ ಬಿತ್ತು. ಸತ್ತು ಮಲಗಿದ್ದ ಹಳೆಯ ವಿಡಿಯೊಗಳು ಸಿನಿಮಾ ಬಿಡುಗಡೆಯಾಗಿ ಒಂದೂವರೆ ತಿಂಗಳಿಗೆ ಇದ್ದಕ್ಕಿದ್ದಂತೆ ಎದ್ದು ಕೂರುತ್ತಿದ್ದವು. ಯಾಕೆ ಅಂತ ತಾರೀಖು ತಾಳೆ ನೋಡಿದರೆ, ಆ ಸಿನಿಮಾ ಓಟಿಟಿಗೆ, ಅಂದರೆ ಮನೆಯಲ್ಲೇ ನೋಡುವ ಆ್ಯಪ್‌ಗಳಿಗೆ, ಬಂದ ದಿನ! ಶುಕ್ರವಾರ ನೂರು ಜನ ಕೂಗುತ್ತಾರೆ. ಓಟಿಟಿಗೆ ಬಂದ ದಿನ ಕನ್ನಡದಲ್ಲಿ ಮಾತಾಡುವವರು ಇಲ್ಲವೇ ಇಲ್ಲ ಅನ್ನಬೇಕು. ಮನೆಯಲ್ಲಿ ಊಟ ಮುಗಿಸಿ ರಿಮೋಟ್ ಹಿಡಿದವರಿಗೆ ‘ಇವತ್ತು ಇದನ್ನ ಹಾಕೋಣ್ವಾ ಬೇಡ್ವಾ’ ಅನ್ನುವ ಪ್ರಶ್ನೆ ಆವತ್ತೇ ಇರುವುದು. ನನ್ನ ಇಡೀ ಕಸುಬು ಈಗ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಹಾಗಂತ ಓಟಿಟಿಯಲ್ಲಿ ಮಾತ್ರ ನೋಡಿ ಮಾತಾಡುವುದಲ್ಲ. ಎರಡು ಸಲ ನೋಡಬೇಕು. ಮೊದಲ ವಾರದಲ್ಲಿ ಥಿಯೇಟರ್‌ನಲ್ಲಿ ಒಂದು ಸಲ, ಮನೆಯ ಟಿವಿಯಲ್ಲಿ ಇನ್ನೊಂದು ಸಲ. ವಿಮರ್ಶೆ ಇರುವುದೇ ಈ ಎರಡರ ನಡುವಿನ ಅಂತರದಲ್ಲಿ.

ಥಿಯೇಟರ್‌ಗೆ ಜೇಬಿನಷ್ಟಗಲದ ನೋಟ್‌ಬುಕ್, ದಪ್ಪ ಮೊನೆಯ ಪೆನ್ಸಿಲ್ ಒಯ್ಯುತ್ತೇನೆ. ಪೆನ್ನು ಬೇಡ, ಕತ್ತಲಲ್ಲಿ ಕೈಕೊಟ್ಟರೆ ಗೊತ್ತೇ ಆಗುವುದಿಲ್ಲ. ಮೊಬೈಲ್ ಬೆಳಕು ಹಾಕಿದರೆ ಹಿಂದಿನ ಸಾಲಿನವರು ಬಿಡುವುದಿಲ್ಲ. ಇಂಟರ್ವಲ್ ತನಕ ಎಡಗಡೆ ಹಾಳೆ, ಆಮೇಲೆ ಬಲಗಡೆ. ಒಂದು ಸಾಲಿಗೆ ಒಂದು ಪದ, ಹೆಚ್ಚೆಂದರೆ ಮೂರ್ನಾಲ್ಕು. ಆ ಪದ ಕತೆಯದ್ದಲ್ಲ, ಜನರದ್ದು. ‘ಶಿಳ್ಳೆ’, ‘ಮೊಬೈಲ್’, ‘ಕೆಮ್ಮು’, ‘ನಗು ತಡವಾಗಿ’, ‘ಮಗು ಅಳು, ಯಾರೂ ಬೈಯಲಿಲ್ಲ’. ಹಾಡು ಬಂದಾಗ ಎಷ್ಟು ಜನ ಎದ್ದು ಹೊರಗೆ ಹೋದರು ಅನ್ನುವುದನ್ನು ಗೀಟು ಎಳೆದು ಲೆಕ್ಕ ಇಡುತ್ತೇನೆ. ಮೊದಲು ಬರುವ ಸೆನ್ಸಾರ್ ಸರ್ಟಿಫಿಕೇಟ್‌ನಲ್ಲಿ ಸಿನಿಮಾದ ಅವಧಿ ಇರುತ್ತದೆ. ಅದನ್ನೂ ಬರೆದುಕೊಳ್ಳಿ. ಸಿನಿಮಾ ಓಟಿಟಿಯಲ್ಲಿ ಮನೆಗೆ ಬರುವಷ್ಟರಲ್ಲಿ ಎಷ್ಟು ನಿಮಿಷ ಕತ್ತರಿಸಿದ್ದಾರೆ ಅಂತ ಗೊತ್ತಾಗುತ್ತದೆ.

ಒಂದು ಉದಾಹರಣೆ. ಹೆಸರು ಬೇಡ, ದೊಡ್ಡ ಹೀರೋ ಸಿನಿಮಾ. ಸಿಂಗಲ್ ಸ್ಕ್ರೀನ್‌ನಲ್ಲಿ ನಾಯಕನ ಎಂಟ್ರಿಗೆ ಮುಂದಿನ ಗಾಂಧಿ ಕ್ಲಾಸಿನಿಂದ ಪೇಪರ್ ಚೂರು ಹಾರಿ ಬಾಲ್ಕನಿ ಕಡೆಗೆ ಬಂತು. ಮೊದಲ ಡೈಲಾಗ್ ಒಬ್ಬರಿಗೂ ಕೇಳಿಸಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಮೈ ಜುಮ್ ಅಂತು, ಸುಳ್ಳು ಯಾಕೆ ಹೇಳಲಿ. ಅದೇ ದೃಶ್ಯ ಮನೆಯಲ್ಲಿ ಬಂದಾಗ ಒಂದು ನಿಮಿಷ ಬರೀ ಬೂಟು, ಹೊಗೆ, ಬೆನ್ನು. ನಮ್ಮ ಅತ್ತಿಗೆ ‘ಇವರು ಬರೋ ಅಷ್ಟರಲ್ಲಿ ಕುಕ್ಕರ್ ನೋಡ್ಕೊಂಡು ಬರ್ತೀನಿ’ ಅಂತ ಎದ್ದು ಹೋದರು. ವಾಪಸ್ ಬಂದಾಗಲೂ ಬೂಟೇ ನಡೆಯುತ್ತಿತ್ತು. ಹಿನ್ನೆಲೆ ಸಂಗೀತ ಮಾತನ್ನು ನುಂಗಿ ಹಾಕಿತ್ತು, ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿದೆವು. ಈ ಎರಡೂ ಅನುಭವ ಹೇಳಿ, ‘ಮನೆಯಲ್ಲಿ ನೋಡುವವರು ಮೊದಲ ಇಪ್ಪತ್ತು ನಿಮಿಷ ಓಡಿಸಿ’ ಅಂದೆ. ಆ ವಾರ ಒಂದೇ ಏಟಿಗೆ ಸುಮಾರು ನಲವತ್ತು ಹೊಸ ಚಂದಾ ಬಂತು.

ಉಲ್ಟಾ ಕೂಡ ಆಗುತ್ತದೆ. ಹತ್ತು ಹನ್ನೆರಡು ಜನ ಇದ್ದ ಮಲ್ಟಿಪ್ಲೆಕ್ಸ್‌ನಲ್ಲಿ ಆಕಳಿಸುತ್ತಾ ನೋಡಿದ ಸಣ್ಣ ಸಿನಿಮಾ ಮನೆಯಲ್ಲಿ ನಾಲ್ಕು ಜನ ಕೂತು ನೋಡಿದಾಗ ಎಷ್ಟು ಚೆನ್ನಾಗಿ ಮೇಲೆದ್ದಿತು ಅಂದರೆ, ನನ್ನ ನೋಟ್‌ಬುಕ್ಕಿನ ‘ನಿಧಾನ’ ಅನ್ನುವ ಪದವನ್ನೇ ಪಕ್ಕಕ್ಕಿಟ್ಟು ಮಾತಾಡಬೇಕಾಯಿತು. ಶುಕ್ರವಾರದ ವಿಮರ್ಶಕರಿಗೆ ಈ ಅವಕಾಶ ಎಲ್ಲಿದೆ?

ಓಟಿಟಿ ತಾರೀಖು ಎಲ್ಲರಿಗಿಂತ ಮುಂಚೆ ನನಗೆ ಹೇಗೆ ಗೊತ್ತಾಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಅದೊಂದು ನನ್ನ ಹತ್ತಿರವೇ ಇರಲಿ. ಅಕ್ರಮದ ದಾರಿ ಅಲ್ಲ, ಅಷ್ಟು ಹೇಳಬಲ್ಲೆ.

ಕಳಿಸುವ ಬಗೆಗೆ ಬಹಳ ಒದ್ದಾಡಿದೆ. ಮೊದಲು ಪಿಡಿಎಫ್ ಮಾಡಿದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಾಯಿಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತಿತ್ತು. ತಿದ್ದುವುದಕ್ಕೇ ಭಾನುವಾರ ಮುಗಿಯುತ್ತಿತ್ತು. ಅಷ್ಟು ಮಾಡಿ ಕಳಿಸಿದರೆ ತೆರೆದು ನೋಡುವವರು ನಾಲ್ಕರಲ್ಲೊಬ್ಬರು. ವಾಟ್ಸಾಪ್ ಗುಂಪು ಮಾಡಿದೆ. ಎರಡು ಹೀರೋಗಳ ಅಭಿಮಾನಿಗಳು ಸೇರಿಕೊಂಡು ಮೂರು ವಾರದಲ್ಲಿ ಅದನ್ನು ಕುರುಕ್ಷೇತ್ರ ಮಾಡಿದರು, ಮುಚ್ಚಿದೆ. ಕೊನೆಗೆ ಬ್ರಾಡ್‌ಕಾಸ್ಟ್ ಲಿಸ್ಟ್. ಒಂದೇ ಸಂದೇಶ ಎಲ್ಲರಿಗೂ ಬೇರೆಬೇರೆಯಾಗಿ ಹೋಗುತ್ತದೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಂದು ಲಿಸ್ಟಿಗೆ 256 ಜನ, ಹಾಗಾಗಿ ಈಗ ನನ್ನದು ಮೂರು ಲಿಸ್ಟ್. ಇದರಲ್ಲಿ ಒಂದು ತೊಡಕಿದೆ. ನಮ್ಮ ನಂಬರ್ ಅವರ ಫೋನಿನಲ್ಲಿ ಸೇವ್ ಆಗಿರದಿದ್ದರೆ ಸಂದೇಶ ಹೋಗುವುದೇ ಇಲ್ಲ. ‘ದುಡ್ಡು ಕಟ್ಟಿದೀನಿ, ಏನೂ ಬಂದಿಲ್ಲ’ ಅಂತ ಜಗಳ. ಈಗ ನಿಯಮ ಮಾಡಿದ್ದೇನೆ: ನಂಬರ್ ಸೇವ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ, ಆಮೇಲೆ ಯುಪಿಐ ಮಾಡಿ.

ಧ್ವನಿ ಯಾಕೆ ಅಂದರೆ, ನನ್ನ ಕೇಳುಗರಲ್ಲಿ ಅರ್ಧ ಜನ ಅಡುಗೆಮನೆಯಲ್ಲಿ, ಇನ್ನರ್ಧ ಬಸ್ಸಿನಲ್ಲಿ ಇರುತ್ತಾರೆ. ಏಳು ನಿಮಿಷ ದಾಟಿಸುವುದಿಲ್ಲ. ವಾಟ್ಸಾಪ್‌ನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಕೇಳುವವರೇ ಜಾಸ್ತಿ ಅಂತ ವಿಚಾರಿಸಿ ತಿಳಿದುಕೊಂಡ ಮೇಲೆ ನಾನು ಬೇಕೆಂದೇ ನಿಧಾನ ಮಾತಾಡುತ್ತೇನೆ. ಸ್ಟುಡಿಯೊ ಬಾಡಿಗೆ ಕೇಳಿದರೆ ಗಂಟೆಗೆ ಐನೂರು ಅಂದರು. ಬೀರು ಬಾಗಿಲು ತೆಗೆದು, ಸೀರೆಗಳ ಕಡೆ ಮುಖ ಮಾಡಿ, ಸಾವಿರ ರೂಪಾಯಿಯ ಕಾಲರ್ ಮೈಕ್ ಹಾಕಿಕೊಂಡು ಮಾತಾಡಿ ನೋಡಿ. ಗುಂಯ್‌ಗುಟ್ಟುವುದು ನಿಲ್ಲುತ್ತದೆ. ಪಕ್ಕದ ಮನೆಯ ಮಿಕ್ಸಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಹಾಡಿನ ವಿಷಯಕ್ಕೆ ಬರೋಣ. ಲಿರಿಕಲ್ ವಿಡಿಯೊ ಬಂದ ದಿನ ನಾನು ಬಾಯಿ ಬಿಡುವುದಿಲ್ಲ. ಎರಡು ಮೂರು ಸಲ ಕೇಳಿ ಬಿಟ್ಟುಬಿಡುತ್ತೇನೆ. ಒಂದು ವಾರದ ನಂತರ ಸ್ನಾನ ಮಾಡುವಾಗ ತಾನಾಗಿ ಬಾಯಿಗೆ ಬಂದರೆ ಆ ಹಾಡಿಗೆ ವಿಮರ್ಶೆ ಉಂಟು, ಇಲ್ಲದಿದ್ದರೆ ಇಲ್ಲ. ಆಮೇಲೆ ನೇರ ಎರಡನೇ ಚರಣಕ್ಕೆ ಹೋಗುತ್ತೇನೆ. ಪಲ್ಲವಿಯನ್ನು ರೀಲ್ಸ್‌ಗೆ ಅಂತ ಎಲ್ಲರೂ ಚೆನ್ನಾಗಿಯೇ ಕಟ್ಟುತ್ತಾರೆ. ಸಾಹಿತಿ ಸಿಕ್ಕಿಬೀಳುವುದು ಎರಡನೇ ಚರಣದಲ್ಲಿ. ಈಗೀಗ ಅದು ಸಿಗುವುದೇ ಅಪರೂಪ, ಒಂದು ಚರಣ ಮುಗಿಯುತ್ತಿದ್ದಂತೆ ಹಾಡೇ ಮುಗಿದಿರುತ್ತದೆ.

ಧಾರಾವಾಹಿ ಮಾತ್ರ ಬಹಳ ಕಾಡಿತು. ವಾರಕ್ಕೆ ಐದಾರು ಕಂತು, ಎಷ್ಟು ಅಂತ ನೋಡುವುದು? ಸುಮ್ನೆ ಒಂದು ಪ್ರಯೋಗ ಮಾಡಿದೆ. ಟಿವಿಗೆ ಬೆನ್ನು ಹಾಕಿ ಕೂತು ಬರೀ ಕಿವಿಯಲ್ಲಿ ‘ನೋಡಿದೆ’. ಯಾರು ಒಳ್ಳೆಯವರು, ಯಾರು ಕೆಟ್ಟವರು, ಯಾವಾಗ ಮುಖದ ಮೇಲೆ ಮೂರು ಸಲ ಝೂಮ್ ಆಯಿತು, ಎಲ್ಲಾ ಸಂಗೀತವೇ ಹೇಳಿತು. ಆದರೆ ಒಂದು ಧಾರಾವಾಹಿಯಲ್ಲಿ ಹಾಗಾಗಲಿಲ್ಲ. ಸಂಗೀತ ಸುಮ್ಮನಿತ್ತು, ಮಾತು ನಡೆಯುತ್ತಿತ್ತು, ನಾನು ತಿರುಗಿ ನೋಡಲೇಬೇಕಾಯಿತು. ಈಗ ಇದೇ ನನ್ನ ಜರಡಿ. ನನ್ನನ್ನು ಹಾಗೆ ತಿರುಗಿ ನೋಡಿಸಿದ ಧಾರಾವಾಹಿಯನ್ನು ಮಾತ್ರ ಸೋಮವಾರ ಮತ್ತು ಶುಕ್ರವಾರ ನೋಡುತ್ತೇನೆ. ನಡುವಿನ ಕತೆಯನ್ನು ಅತ್ತಿಗೆ ಎರಡು ವಾಕ್ಯದಲ್ಲಿ ಹೇಳುತ್ತಾರೆ, ಅದೂ ಪ್ರೋಮೊಗಿಂತ ಚೆನ್ನಾಗಿ. ಗುರುವಾರ ಬರುವ ಟಿಆರ್‌ಪಿ ಪಟ್ಟಿಗೂ ನನ್ನ ಪಟ್ಟಿಗೂ ಹೊಂದುವುದೇ ಇಲ್ಲ, ಅದರ ಬಗ್ಗೆ ನನಗೇನೂ ಬೇಜಾರಿಲ್ಲ.

ಪುಸ್ತಕಕ್ಕೆ ಚಂದಾ ಬರುವುದಿಲ್ಲ ಅಂತ ಎಲ್ಲರೂ ಅಂದಿದ್ದರು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆಗ ಎಲ್ಲರೂ ಅಭಿನಂದನೆಯ ಪೋಸ್ಟರ್ ಹಂಚುತ್ತಿದ್ದರು. ನನಗೆ ಬಂದ ಪ್ರಶ್ನೆ ಒಂದೇ: ‘ದೀಪಾ ಭಾಸ್ತಿ ಇಂಗ್ಲಿಷ್‌ಗೆ ಅನುವಾದ ಮಾಡಿದ ಆ 12 ಕತೆ ಕನ್ನಡದಲ್ಲಿ ಯಾವ ಪುಸ್ತಕದಲ್ಲಿವೆ?’ ಅವು ಸುಮಾರು ಮೂವತ್ತು ವರ್ಷದಲ್ಲಿ ಬರೆದ ಕತೆಗಳು, ಬೇರೆಬೇರೆ ಸಂಕಲನಗಳಿಂದ ಆರಿಸಿದವು. ನಾನು ಪ್ರಶಸ್ತಿಯ ಬಗ್ಗೆ ಒಂದು ಮಾತೂ ಆಡದೆ, ಕೈಗೆ ಸಿಕ್ಕ ಸಂಕಲನಗಳಿಂದ ಒಂದೊಂದು ಕತೆ ಎತ್ತಿಕೊಂಡು, ಯಾವುದನ್ನು ಮೊದಲು ಓದಬೇಕು ಅಂತ ವಾರಕ್ಕೊಂದರಂತೆ ಕಳಿಸಿದೆ. ಇದೂ ತಡವಾಗಿಯೇ ಶುರುವಾಯಿತು, ಗಲಾಟೆ ಇಳಿದ ಮೇಲೆ. ಹಾಸನ, ತುಮಕೂರು ಕಡೆಯ ಮೇಷ್ಟ್ರುಗಳು, ಟೀಚರ್‌ಗಳು ಸೇರಿಕೊಂಡರು. ಅವರು ಚಂದಾ ನವೀಕರಿಸುವುದನ್ನು ಮರೆಯುವ ಜನವಲ್ಲ.

ಮುಂಗಡ ದುಡ್ಡು ಕೇಳುವುದಕ್ಕೆ ಮೊದಮೊದಲು ನಾಚಿಕೆ ಆಗುತ್ತಿತ್ತು. ಆದರೆ ನಮ್ಮಲ್ಲಿ ಇದು ಹೊಸದೇನಲ್ಲ ಅಲ್ವಾ? 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತೇ ತೆಗೆದುಕೊಳ್ಳದೆ ಓದುಗರ ದುಡ್ಡಿನಲ್ಲಿ ನಡೆಯಿತು. 2013ರ ‘ಲೂಸಿಯಾ’ ಸಿನಿಮಾಕ್ಕೆ ನಿರ್ದೇಶಕ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಮೊದಲು ಬಂಡವಾಳ ಎತ್ತಿದರು. ಅವರ ಮುಂದೆ ನನ್ನ 300 ಯಾವ ಲೆಕ್ಕ. ಹಾಗಾಗಿ ಜಾಹೀರಾತು ಬೇಡ, ಪ್ರೆಸ್ ಶೋ ಬೇಡ, ಪುಕ್ಕಟೆ ಪುಸ್ತಕವೂ ಬೇಡ ಅಂತ ಮೊದಲ ದಿನವೇ ಹೇಳಿಬಿಟ್ಟೆ. ‘ಪಾಸಿಟಿವ್ ಆಗಿ ಎರಡು ಮಾತು’ ಅಂತ ಹದಿನೈದು ಸಾವಿರಕ್ಕೆ ಬಂದ ಕರೆಯನ್ನು ಬಿಟ್ಟಿದ್ದೇನೆ. ಬಿಟ್ಟದ್ದನ್ನು ಚಂದಾದಾರರಿಗೆ ಹೇಳಿದ್ದರಿಂದ ಬಂದ ಚಂದಾ ಅದಕ್ಕಿಂತ ಜಾಸ್ತಿ, ಅದು ಬೇರೆ ಮಾತು.

ಖರ್ಚು ಹೀಗಿದೆ. ಟಿಕೆಟ್‌ಗೆ ತಿಂಗಳಿಗೆ ಎರಡೂವರೆ ಸಾವಿರದ ಆಸುಪಾಸು. ಸಿಂಗಲ್ ಸ್ಕ್ರೀನ್ ಹಗುರ, ಮಲ್ಟಿಪ್ಲೆಕ್ಸ್ ಭಾರ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿದಾಗ ಖುಷಿಯಿಂದ ಹೊಸ ಬಜೆಟ್ ಬರೆದಿದ್ದೆ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು, ಹಾಳೆ ಹರಿದು ಹಾಕಿದೆ. ಪುಸ್ತಕಕ್ಕೆ ತಿಂಗಳಿಗೆ ಸಾವಿರ, ಓಟಿಟಿಗಳಿಗೆ ವರ್ಷಕ್ಕೆ ನಾಲ್ಕು ಸಾವಿರ. ಎಲ್ಲಾ ಕಳೆದು ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಉಳಿಯುತ್ತದೆ. ಕೆಲಸ ಬಿಡುವಷ್ಟಲ್ಲ. ಆದರೆ ಹಳೆಯ ವಿಡಿಯೊ ಕಾಲದ ಸಾಲ ತೀರಿಸಿ ಮನೆಗೆ ದೊಡ್ಡ ಟಿವಿ ತಂದಿದ್ದೇನೆ, ಅದೂ ಖರ್ಚಿನ ಲೆಕ್ಕಕ್ಕೇ.

ಈಗಿನ ತಲೆನೋವು ಬೇರೆ. ಓಟಿಟಿಯವರು ಕನ್ನಡ ಸಿನಿಮಾ ಕೊಳ್ಳುವುದನ್ನೇ ಕಡಿಮೆ ಮಾಡಿದ್ದಾರೆ. ಥಿಯೇಟರ್‌ನಲ್ಲಿ ನೋಡಿ ಟಿಪ್ಪಣಿ ಬರೆದಿಟ್ಟ ಹದಿನೈದಿಪ್ಪತ್ತು ಸಿನಿಮಾ ಎಲ್ಲಿಗೂ ಬಾರದೆ ನೋಟ್‌ಬುಕ್ಕಿನಲ್ಲೇ ಕೂತಿವೆ. ಅವಕ್ಕೆ ಹಾಕಿದ ಟಿಕೆಟ್ ದುಡ್ಡು ಸದ್ಯಕ್ಕೆ ಮುಳುಗಿದ ಹಾಗೆಯೇ. ನಾಲ್ಕೈದನ್ನು ಟಿವಿಯಲ್ಲಿ ಭಾನುವಾರ ಹಾಕಿದಾಗ ಕಳಿಸಿದೆ. ಜಾಹೀರಾತಿನ ನಡುವೆ ಕೂಡ ಜನ ಕೇಳಿದರು, ಉತ್ತರವೂ ಬಂತು. ಉಳಿದವುಗಳಲ್ಲಿ ಚೆನ್ನಾಗಿದ್ದ ಮೂರನ್ನು ತಿಂಗಳಿಗೊಂದರಂತೆ ‘ಇನ್ನೂ ಎಲ್ಲೂ ಸಿಗದ ಸಿನಿಮಾ’ ಅಂತ ಕಳಿಸಲು ಶುರು ಮಾಡಿದ್ದೇನೆ. ನಡೆಯುತ್ತದೋ ಇಲ್ಲವೋ ಯುಗಾದಿ ಹೊತ್ತಿಗೆ ಗೊತ್ತಾಗುತ್ತದೆ. ಅಲ್ಲಿಂದ ಹೊಸಬರಿಗೆ ಚಂದಾ 400, ಹಳಬರಿಗೆ 300ರಲ್ಲೇ ಇರುತ್ತದೆ.