ಗೇರ್‌ಬಾಕ್ಸ್ ಇಳಿಸದೆ ಹರ್ಸ್ಟ್ ಶಿಫ್ಟರ್: ನನ್ನ 67ರ ಕಮಾರೊ ಅನುಭವ

ಗೇರ್‌ಬಾಕ್ಸ್ ಪೂರ್ತಿ ಕೆಳಗಿಳಿಸದೆ ಹರ್ಸ್ಟ್ ಕಂಪನಿಯ ಶಿಫ್ಟರ್ (ಗೇರ್ ಬದಲಿಸೋ ಲಿವರ್ ಮತ್ತು ಅದರ ಬುಡದ ಜೋಡಣೆ) ಕೂರಿಸೋಕೆ ಆಗಲ್ಲ ಅಂತ ಡೆಟ್ರಾಯಿಟ್ ಸುತ್ತಲಿನ ನಮ್ಮ ಹಳೆ ಕಾರಿನ ಬಳಗದಲ್ಲಿ ಹೇಳದವರೇ ಇಲ್ಲ. ಅವರಲ್ಲಿ ಕೆಲವರು ಕಾರು ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ಅವರ ಮುಂದೆ ಸಾಫ್ಟ್‌ವೇರ್ ಕೆಲಸದ ನಾನು ಬಾಯಿ ಬಿಡೋದೇ ಕಷ್ಟ. ಈಗ ನನ್ನ 1967ರ ಷೆವರ್ಲೆ ಕಮಾರೊದಲ್ಲಿ ಅದೇ ಶಿಫ್ಟರ್ ಕೂತಿದೆ. ಎರಡು ಬೇಸಿಗೆ ಓಡಿದೆ. ಒಂದು ಗೇರೂ ಸಿಕ್ಕಿಹಾಕಿಕೊಂಡಿಲ್ಲ. ಹಾಗಾಗಿ ಈಗ ಬಾಯಿ ಬಿಡುತ್ತಿದ್ದೇನೆ. ಜ್ಯಾಕ್ ಸ್ಟ್ಯಾಂಡ್ ಹೇಗೆ ಇಡೋದು, ಲಿಂಕೇಜ್ ಅಂದ್ರೇನು ಅಂತ ವಿವರಿಸಲು ಹೋಗಲ್ಲ. ನಿಮಗೆ ಗೊತ್ತಿರುತ್ತೆ.

ನನ್ನದು 327 ಘನ ಇಂಚಿನ ಎಂಜಿನ್, ಮನ್ಸಿ ಎಂ20 ಅನ್ನೋ ನಾಲ್ಕು ಗೇರಿನ ಗೇರ್‌ಬಾಕ್ಸ್. ಗಟ್ಟಿ ಡಬ್ಬ, ಅದರ ಮೇಲೆ ದೂರಿಲ್ಲ. ರೋಗ ಇದ್ದದ್ದು ಶಿಫ್ಟರ್ ಕೂತ ಜಾಗದಲ್ಲಿ. 67ರ ಕಮಾರೊದಲ್ಲಿ ಕಂಪನಿ ಶಿಫ್ಟರನ್ನು ಗೇರ್‌ಬಾಕ್ಸ್ ಕೆಳಗೆ ಅಡ್ಡ ಹಾಯುವ ಕ್ರಾಸ್‌ಮೆಂಬರ್‌ಗೆ ಬಿಗಿದಿದ್ದರು, ಗೇರ್‌ಬಾಕ್ಸ್‌ಗೆ ಅಲ್ಲ. ಗೇರ್‌ಬಾಕ್ಸ್ ಕೂತಿರೋದು ರಬ್ಬರ್ ಮೌಂಟ್ ಮೇಲೆ. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಂದು ಕಡೆ ವಾಲುತ್ತೆ, ಅದರ ಜೊತೆ ಗೇರ್‌ಬಾಕ್ಸೂ ತಿರುಗುತ್ತೆ. ಶಿಫ್ಟರ್ ಮಾತ್ರ ಅಲ್ಲೇ ನಿಂತಿರುತ್ತೆ. ನಡುವಿನ ರಾಡುಗಳು ಏನು ಮಾಡಬೇಕು? ಬಿಗಿಯುತ್ತವೆ. ಎರಡರಿಂದ ಮೂರಕ್ಕೆ ಹಾಕುವಾಗ ಲಿವರ್ ನಡುವೆಯೇ ನಿಂತುಬಿಡುತ್ತಿತ್ತು.

ಊರಲ್ಲಿ ಅಂಬಾಸಿಡರ್ ಓಡಿಸಿದವರಿಗೆ ಈ ಕಾಟ ಚೆನ್ನಾಗಿ ಗೊತ್ತು. ಸ್ಟೀರಿಂಗ್ ಪಕ್ಕದ ಗೇರ್ ಜಾಮ್ ಆದರೆ ನಡುರಸ್ತೆಯಲ್ಲಿ ಬಾನೆಟ್ ಎತ್ತಿ ಕೈಯಲ್ಲೇ ಲಿವರ್ ಬಿಡಿಸೋರು. ಕಮಾರೊದಲ್ಲಿ ಆ ಸುಖವೂ ಇಲ್ಲ, ಕಾರಿನ ಕೆಳಗೆ ತೂರಬೇಕು.

ಬಳಗದವರ ಸಲಹೆ ಎರಡು ಥರ. ಒಂದು, ಹಳೆ ಶಿಫ್ಟರ್‌ಗೆ ಹೊಸ ಬುಶ್ (ರಾಡು ಕೂರುವ ರಂಧ್ರದ ಒಳಬಳೆ) ಹಾಕು, ಒರಿಜಿನಲ್ ಉಳಿಯುತ್ತೆ. ಅದನ್ನು ಮಾಡಿ ನೋಡಿದೆ. ಬುಶ್, ಕ್ಲಿಪ್ ಎಲ್ಲ ಸೇರಿ 60 ಡಾಲರ್ ಹೋಯ್ತು. ಪಾರ್ಕಿಂಗ್ ಲಾಟಿನಲ್ಲಿ ಬೆಣ್ಣೆ, ಹೈವೇ ಹತ್ತುವಾಗ ಮತ್ತೆ ಅದೇ ಕಥೆ. ಇನ್ನೊಂದು, ಗೇರ್‌ಬಾಕ್ಸ್ ಇಳಿಸಿ ಹರ್ಸ್ಟ್ ಹಾಕಿಸು, ಅದನ್ನು ಗೇರ್‌ಬಾಕ್ಸ್‌ಗೇ ಬಿಗಿಯೋದರಿಂದ ಜೊತೆಗೇ ತಿರುಗುತ್ತೆ. ಒಂದು ವರ್ಕ್‌ಶಾಪಿನವರು ಸಾಮಾನು ಕೂಲಿ ಸೇರಿ 1,400 ಡಾಲರ್ ಅಂದರು. ಒರಿಜಿನಲ್ ಅಂತ ಪ್ರಾಣ ಬಿಡೋರಿಗೆ ನಾನು ಹೇಳೋದು ಒಂದೇ: 1969ರ ಕಮಾರೊಗೆ ಕಂಪನಿಯೇ ಹರ್ಸ್ಟ್ ಹಾಕಿ ಕಳಿಸಿತು. ಪಾಂಟಿಯಾಕ್‌ನವರು ಜಿಟಿಒಗೆ ಅದಕ್ಕಿಂತ ಮುಂಚೆಯೇ ಹಾಕುತ್ತಿದ್ದರು. ತಯಾರಿಸಿದವರೇ ಬದಲಾಯಿಸಿದ ಮೇಲೆ ನಮ್ಮದೇನು ಹಟ, ಅಲ್ವಾ?

ಹರ್ಸ್ಟ್‌ನ ಕಾಂಪಿಟಿಷನ್ ಪ್ಲಸ್ ಶಿಫ್ಟರನ್ನು ಹೊಸದಾಗಿ ಕೊಳ್ಳಲಿಲ್ಲ. ಒಹಾಯೊ ಕಡೆ ಒಂದು ಸ್ವಾಪ್ ಮೀಟಿನಲ್ಲಿ, ಅಂದ್ರೆ ಹಳೆ ಬಿಡಿಭಾಗಗಳ ಸಂತೆಯಲ್ಲಿ, ಹಳೆಯದು ಸಿಕ್ತು. 150 ಅಂದ, 110ಕ್ಕೆ ಕೊಟ್ಟ. ಗ್ರೀಸ್ ಒಣಗಿ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಹಿತ್ತಾಳೆ ಬ್ರಶ್‌ನಲ್ಲಿ ಉಜ್ಜಿದೆ. ಒಳಗಿನ ಮೂರೂ ಲಿವರ್ ಚೆನ್ನಾಗಿದ್ದವು. ಸ್ಪ್ರಿಂಗ್ ಮಾತ್ರ ಸೊರಗಿತ್ತು. ರಿಪೇರಿ ಕಿಟ್‌ಗೆ 40 ಚಿಲ್ಲರೆ. ಹಳೇದು ಕೊಳ್ಳುವಾಗ ಕ್ರೋಮ್ ನೋಡಬೇಡಿ. ಲಿವರ್‌ಗಳನ್ನು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡಿ, ಆಟ ಜಾಸ್ತಿ ಇದ್ದರೆ ಬಿಟ್ಟು ಬನ್ನಿ.

ದುಡ್ಡು ದಂಡವಾದದ್ದು ರಾಡುಗಳ ಕಿಟ್‌ನಲ್ಲಿ. ಮನ್ಸಿಯ ಸೈಡ್ ಕವರ್‌ನಿಂದ ಹೊರಬರುವ ಶಾಫ್ಟ್‌ಗಳು 1968ರವರೆಗೆ ಒಂದು ಥರ. ಹೊರಕ್ಕೆ ಚಾಚಿದ ಸ್ಟಡ್, ಅದಕ್ಕೆ ನಟ್. 69ರಿಂದ ಒಳಗೆ ತಿರುಪುವ ಬೋಲ್ಟ್. ಲಿವರ್‌ಗಳ ರಂಧ್ರವೂ ಬೇರೆ. ನಾನು ವರ್ಷ ಬರೆದೇ ಆರ್ಡರ್ ಮಾಡಿದ್ದೆ, ಬಂದದ್ದು 69ರ ನಂತರದ್ದು. ವಾಪಸ್ ಕಳಿಸಿದರೆ ಅಂಗಡಿಯವರು ಶೇಕಡಾ 15 ಮುರಿದುಕೊಂಡರು, ಕೊರಿಯರ್ ಖರ್ಚೂ ನನ್ನ ತಲೆಗೇ. ಇನ್ನೊಂದು ಕಡೆಯಿಂದ ಸರಿಯಾದದ್ದು 160ರ ಆಸುಪಾಸಿಗೆ ಬಂತು. ನಿಮ್ಮ ಸೈಡ್ ಕವರ್‌ನ ಫೋಟೊ ತೆಗೆದು ಕಳಿಸಿ, ಆಮೇಲೆ ದುಡ್ಡು ಕಟ್ಟಿ. ಅರವತ್ತು ವರ್ಷದ ಕಾರಿನಲ್ಲಿ ಯಾರು ಯಾವ ಕವರ್ ಹಾಕಿದ್ದಾರೋ ಯಾರಿಗೆ ಗೊತ್ತು.

ಈಗ ಆಗಲ್ಲ ಅಂದ ಕೆಲಸ. ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಅದರ ಬಾಲ, ಅಂದ್ರೆ ಹಿಂದಿನ ತುದಿ, ಬಗ್ಗಿಸಿದರೆ ಸಾಕು. ಗೇರ್‌ಬಾಕ್ಸ್ ಕೆಳಗೆ ಜ್ಯಾಕ್ ಕೊಟ್ಟು, ನಡುವೆ ಮರದ ಹಲಗೆ ಇಟ್ಟು, ಕ್ರಾಸ್‌ಮೆಂಬರನ್ನು ಹಳೆ ಶಿಫ್ಟರ್ ಸಮೇತ ಬಿಚ್ಚಿ ತೆಗೆದೆ. ಆಮೇಲೆ ಜ್ಯಾಕನ್ನು ಒಂದೊಂದು ಚೂರೇ ಇಳಿಸೋದು. ಎರಡೂವರೆ ಇಂಚು ಇಳಿದರೆ ಎಡಗಡೆ ಕೈ ತೂರುತ್ತೆ. ಅದಕ್ಕಿಂತ ಮುಂಚೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚೋದು) ಕ್ಯಾಪ್ ತೆಗೆಯಲೇಬೇಕು. ನನ್ನ 327ನಂಥ ಷೆವಿ ಸ್ಮಾಲ್ ಬ್ಲಾಕ್ ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ಇರೋದು ಎಂಜಿನ್ನಿನ ಹಿಂದೆ, ಬಾಲ ಇಳಿದ ಹಾಗೆ ಅದು ಹೋಗಿ ಎಂಜಿನ್ ಹಿಂದಿನ ತಗಡಿನ ಗೋಡೆಗೆ, ಅಂದ್ರೆ ಫೈರ್‌ವಾಲ್‌ಗೆ ಗುದ್ದುತ್ತೆ. ಮುಂದೆ ಫ್ಯಾನ್ ಮೇಲೇಳುತ್ತೆ, ಅದರ ಸುತ್ತ ಶ್ರೌಡ್ (ಹೊದಿಕೆ) ಇದ್ದರೆ ಬೋಲ್ಟ್ ಸಡಿಲಿಸಿ. ಆಗಲ್ಲ ಅಂದವರಲ್ಲಿ ಬಹಳ ಜನ ಈ ಕ್ಯಾಪ್ ಒಡೆದುಕೊಂಡವರೇ ಅಂತ ನನ್ನ ಗುಮಾನಿ.

ಶಿಫ್ಟರನ್ನೂ ಅದನ್ನು ಗೇರ್‌ಬಾಕ್ಸ್‌ಗೆ ಬಿಗಿಯೋ ಪ್ಲೇಟನ್ನೂ ಬೆಂಚಿನ ಮೇಲೆಯೇ ಜೋಡಿಸಿ ಒಂದೇ ತುಂಡಾಗಿ ಮೇಲಕ್ಕೆ ತೂರಿಸಿದೆ. ಬಿಡಿಬಿಡಿಯಾಗಿ ಕೂರಿಸಲು ಹೋದರೆ ಒಳಗಿನ ಬೋಲ್ಟ್‌ಗೆ ರೆಂಚ್ ಹೋಗಲ್ಲ. ಪ್ಲೇಟ್ ಕೂರೋದು ಹಿಂದಿನ ಹೌಸಿಂಗ್ ಮೇಲೆ. ಅದು ಅಲ್ಯುಮಿನಿಯಂ. ಹಿಂದಿನ ಮಾಲೀಕ ಯಾವನೋ ಒಂದು ರಂಧ್ರದ ಮರೆ (ಬೋಲ್ಟ್ ತಿರುಪುವ ಗೆರೆ) ತಿಂದುಹಾಕಿದ್ದ. ಮಲಗಿಕೊಂಡೇ ಹೊಸ ಮರೆ ಕೊರೆದು ಹೆಲಿಕಾಯ್ಲ್ (ಮರೆಯ ಜಾಗಕ್ಕೆ ಕೂರಿಸೋ ತಂತಿ ಸುರುಳಿ) ಹಾಕಬೇಕಾಯ್ತು. ಮರೆ ಕೊರೆಯೋ ಟ್ಯಾಪ್‌ಗೆ ದಪ್ಪ ಗ್ರೀಸ್ ಬಳಿದು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಚೂರುಗಳು ಗ್ರೀಸಿಗೆ ಅಂಟಿಕೊಂಡು ಹೊರಗೆ ಬರುತ್ತವೆ, ಕಣ್ಣೊಳಗೆ ಉದುರಲ್ಲ. ಬೋಲ್ಟ್‌ಗಳನ್ನು 20 ಪೌಂಡ್-ಅಡಿ ಹತ್ತಿರ ನಿಲ್ಲಿಸಿದೆ. ಅಲ್ಯುಮಿನಿಯಂ ಜೊತೆ ಪೌರುಷ ತೋರಿಸಬಾರದು.

ರಾಡು ಹೊಂದಿಸೋದು ಎಲ್ಲರಿಗೂ ಗೊತ್ತು: ಎಲ್ಲ ನ್ಯೂಟ್ರಲ್, ಮೂರೂ ಲಿವರ್ ಒಳಗೆ ಕಾಲು ಇಂಚಿನ ಪಿನ್. ನಾನು ಡ್ರಿಲ್ ಬಿಟ್‌ನ ಹಿಂಭಾಗ ಬಳಸಿದೆ. ರಾಡಿನ ತುದಿಗೆ ತಿರುಪಿದ ಸ್ವಿವೆಲ್ ಲಿವರ್‌ನ ರಂಧ್ರಕ್ಕೆ ತಾನಾಗಿ ಬೀಳಬೇಕು. ಬೆರಳಲ್ಲಿ ಚೂರು ಒತ್ತಬೇಕಾಯ್ತು ಅಂದರೂ ಅರ್ಧ ಸುತ್ತು ತಪ್ಪಿದೆ ಅಂತ ಅರ್ಥ. ಗೇರ್‌ಬಾಕ್ಸ್ ಬಾಲ ವಾಪಸ್ ಎತ್ತಿ ಕ್ರಾಸ್‌ಮೆಂಬರ್ ಬಿಗಿದ ಮೇಲೆ ರಿವರ್ಸ್ ರಾಡ್ ಅದಕ್ಕೆ ಉಜ್ಜುತ್ತಿತ್ತು. ಕಿಟ್‌ನ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ರಾಡನ್ನು ಬೆಂಚ್ ವೈಸ್‌ನಲ್ಲಿ ಹಿಡಿದು ಒಂದು ಕಡೆ ಬಾಗಿಸಿದೆ. ಎಲ್ಲಿ, ಎಷ್ಟು ಅನ್ನೋದು ಗುಟ್ಟು. ಗ್ಯಾರೇಜಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ, ಕಾಫಿಯೂ ಇದೆ.

ಬುಶ್ ವಿಷಯದಲ್ಲಿ ಸ್ವಲ್ಪ ಆಟ ಆಡಿದೆ. ನೈಲಾನ್ ಹಾಕಿದರೆ ನುಣುಪು, ಸದ್ದಿಲ್ಲ. ಆದರೆ ಎಡಗಡೆ ಹೆಡರ್ ಪೈಪ್ (ಎಂಜಿನ್ನಿನ ಬಿಸಿ ಹೊಗೆಯ ಕೊಳವೆ) ಪಕ್ಕದ ಎರಡು ಬುಶ್ ಒಂದೇ ತಿಂಗಳಲ್ಲಿ ಮೆತ್ತಗಾಗಿ ಕ್ಲಿಪ್ ಕಡೆ ಹಿಗ್ಗಿದವು. ಎಲ್ಲವನ್ನೂ ಸ್ಟೀಲ್ ಮಾಡಿದೆ. ಬಿಸಿ ತಡೆಯಿತು, ಆದರೆ 3,000 ಆರ್‌ಪಿಎಂ ಹತ್ತಿರ ಲಿವರ್ ಜೀರುಂಡೆ ಥರ ಸದ್ದು ಶುರು ಮಾಡ್ತು. ಈಗ ಹೆಡರ್ ಪಕ್ಕದವು ಎರಡು ಸ್ಟೀಲ್, ಉಳಿದವು ನೈಲಾನ್. ಹೀಗೆ ಬೆರೆಸಬಾರದು ಅಂತ ನಕ್ಕವರಿದ್ದಾರೆ. ನಗಲಿ. ಸ್ಟೀಲ್ ಬುಶ್‌ಗೆ ಬಳಿಯೋ ಗ್ರೀಸ್ ನನ್ನದೇ ಮಿಶ್ರಣ, ಅದನ್ನೂ ಹೇಳಲ್ಲ.

ಗೇರ್ ಆಯಿಲ್ ಸುಮಾರು ಮೂರು ಪಿಂಟ್, ಜಿಎಲ್-4 ದರ್ಜೆಯದು ಮಾತ್ರ. ಜಿಎಲ್-5 ಗೇರ್ ಸಲೀಸಾಗಿ ಬೀಳುವಂತೆ ಮಾಡೋ ಹಿತ್ತಾಳೆ ಸಿಂಕ್ರೊ ರಿಂಗ್‌ಗೆ ಒಳ್ಳೇದಲ್ಲ. ಅಗ್ಗ ಅಂತ ಆಸೆಪಡಬೇಡಿ.

ಲಿವರ್ ಮಿತಿ ಮೀರಿ ಹೋಗದಂತೆ ತಡೆಯೋ ಸ್ಟಾಪ್ ಬೋಲ್ಟ್‌ಗಳನ್ನು ಜನ ಹೊಂದಿಸದೆ ಸುಮ್ನೆ ಬಿಟ್ಟುಬಿಡುತ್ತಾರೆ. ಹರ್ಸ್ಟ್‌ನ ಅರ್ಧ ಬೆಲೆ ಇರೋದೇ ಅವುಗಳಲ್ಲಿ. ಲಿವರನ್ನು ಮೂರಕ್ಕೆ ತಳ್ಳಿ ಹಿಡಿಯಿರಿ, ಬೋಲ್ಟ್ ತಾಗುವವರೆಗೆ ತಿರುಪಿ, ಒಂದು ಸುತ್ತು ಹಿಂದೆ ತನ್ನಿ, ಲಾಕ್ ನಟ್ ಬಿಗಿಯಿರಿ. ನಾಲ್ಕಕ್ಕೂ ಹಾಗೇ. ಆಮೇಲೆ ಎಷ್ಟೇ ರಭಸದಲ್ಲಿ ಎಳೆದರೂ ಏಟು ತಿನ್ನೋದು ಬೋಲ್ಟ್, ಗೇರ್‌ಬಾಕ್ಸ್ ಒಳಗಿನ ಫೋರ್ಕ್ ಅಲ್ಲ.

ಕೈಯಲ್ಲಿ ಹಿಡಿಯೋ ಸ್ಟಿಕ್‌ಗೆ 90, ಅದರ ಬುಡದ ಹೊದಿಕೆ (ಬೂಟ್), ಹೆಲಿಕಾಯ್ಲ್, ದಂಡ ಕಟ್ಟಿದ್ದು ಎಲ್ಲ ಸೇರಿ 550ರ ಒಳಗೆ ಮುಗೀತು. ಕೆಲಸ ವಾರಾಂತ್ಯಗಳಲ್ಲಿ ಎಳೆದಾಡಿ ಒಂದು ಚಳಿಗಾಲ ಹಿಡೀತು, ಅದರಲ್ಲಿ ಹೆಚ್ಚಿನ ಪಾಲು ಕಿಟ್‌ಗೆ ಕಾದದ್ದೇ. ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಕಡೆ ನಡೆಯೋ ಹಳೆ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಕಾರು ತಗೊಂಡು ಹೋದೆ. ಗೇರ್‌ಬಾಕ್ಸ್ ಇಳಿಸು ಅಂತ ಜಾಸ್ತಿ ಜೋರು ಮಾಡಿದ್ದ ಅಜ್ಜನಿಗೇ ಕೀಲಿ ಕೊಟ್ಟೆ. ಒಂದು ಸುತ್ತು ಹೋಗಿ ಬಂದು ಕಾರಿನ ಕೆಳಗೆ ಬಗ್ಗಿ ನೋಡಿದ. ರಿವರ್ಸ್ ರಾಡ್ ಎಲ್ಲಿ ಬಗ್ಗಿಸಿದೆ ಅಂತ ಕೇಳಿದ. ಅವನಿಗೂ ಹೇಳಿಲ್ಲ.

ಕಾರಿನಲ್ಲಿ ಎಲ್ಲೂ ಹೊಸ ತೂತು ಕೊರೆದಿಲ್ಲ, ಲೋಹ ಕತ್ತರಿಸಿಲ್ಲ. ಹಳೆ ಶಿಫ್ಟರ್, ಅದರ ಬ್ರಾಕೆಟ್, ಮೂರು ರಾಡು ಎಲ್ಲ ಎಣ್ಣೆ ಸವರಿ ಡಬ್ಬದಲ್ಲಿ ಎತ್ತಿಟ್ಟಿದ್ದೇನೆ. ಸ್ವಾಪ್ ಮೀಟಿನಲ್ಲಿ 200ಕ್ಕೆ ಕೇಳಿದರು, ಕೊಡಲಿಲ್ಲ. ಮುಂದೆ ಕಾರು ಮಾರಿದರೆ ಒರಿಜಿನಲ್ ಬೇಕು ಅನ್ನೋ ಗಿರಾಕಿ ಬಂದೇ ಬರುತ್ತಾನೆ, ಆ ಡಬ್ಬಕ್ಕೆ ಅವನು ಬೇರೆ ದುಡ್ಡು ಕೊಡಬೇಕು.