ಮುಂಬಯಿಯಿಂದ ವೆನಿಸ್ ಬಿನಾಲೆಗೆ: ಕಲಾಸಕ್ತರಿಗೊಂದು ಕೈಪಿಡಿ

ಜಹಾಂಗೀರ್ ಆರ್ಟ್ ಗ್ಯಾಲರಿಗೆ ತಪ್ಪದೆ ಹೋಗುವ ಮುಂಬಯಿ ಕನ್ನಡಿಗರು ಸಾಕಷ್ಟಿದ್ದಾರೆ. ಆದರೆ ಯುರೋಪ್ ಪ್ರವಾಸಕ್ಕೆ ಹೊರಟಾಗ ಅವರಲ್ಲೂ ಅನೇಕರು ವೆನಿಸ್ಸಿಗೆ ಅರ್ಧ ದಿನವಷ್ಟೇ ಮೀಸಲಿಟ್ಟು, ಗೊಂಡೋಲಾ ಹತ್ತಿ, ಫೋಟೊ ತೆಗೆಸಿಕೊಂಡು ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಚಿತ್ರಕಲೆಯನ್ನು ಪ್ರೀತಿಸುವವರು, ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಮೇಳ ನಡೆಯುವ ಆ ಊರಿಗೆ ಕನಿಷ್ಠ ನಾಲ್ಕು ದಿನ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ವರ್ಷವನ್ನು ನೋಡಿಕೊಳ್ಳಿ. 1895ರಲ್ಲಿ ಆರಂಭವಾದ ಬಿನಾಲೆಯ ಕಲಾ ಪ್ರದರ್ಶನ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2021ರದು ಕೋವಿಡ್ ಕಾರಣದಿಂದ 2022ಕ್ಕೆ ಮುಂದೆ ಹೋದ ಮೇಲೆ ಸಮ ವರ್ಷಗಳು ಕಲೆಗೆ, ಬೆಸ ವರ್ಷಗಳು ವಾಸ್ತುಶಿಲ್ಪಕ್ಕೆ ಎಂದಾಗಿದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸೆಕೆಯೂ ಜನಸಂದಣಿಯೂ ವಿಪರೀತವಾಗಿರುವುದರಿಂದ, ಮನೆಯ ಗಣೇಶ ಚೌತಿಯನ್ನು ಮುಗಿಸಿಕೊಂಡು ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಹೋಗುವುದು ಲೇಸು. ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ.

ಮುಖ್ಯ ಪ್ರದರ್ಶನ ಜಾರ್ದೀನಿ ಮತ್ತು ಆರ್ಸೆನಾಲೆ ಎಂಬ ಎರಡು ಕಡೆ ನಡೆಯುತ್ತದೆ. ಒಂದೊಂದಕ್ಕೂ ಪೂರ್ತಿ ಒಂದು ದಿನ ಬೇಕು. ಜಾರ್ದೀನಿ ಮರಗಳು ತುಂಬಿದ ಉದ್ಯಾನ. ಅಲ್ಲಿ ಬೇರೆ ಬೇರೆ ದೇಶಗಳ ಕಾಯಂ ಮಂಟಪಗಳಿವೆ, ಅಂದರೆ ಆಯಾ ದೇಶದ ಪ್ರದರ್ಶನ ನಡೆಯುವ ಕಟ್ಟಡಗಳು; ಭಾರತದ್ದಿಲ್ಲ. 2011ರಲ್ಲಿ ಮುಂಬಯಿಯ ಕವಿ, ವಿಮರ್ಶಕ ರಂಜಿತ್ ಹೊಸಕೋಟೆಯವರು ರೂಪಿಸಿದ ಭಾರತದ ಮಂಟಪವೂ, ನಂದಲಾಲ್ ಬೋಸರು ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಬರೆದ ಚಿತ್ರಫಲಕಗಳಿದ್ದ 2019ರ ಮಂಟಪವೂ ಆರ್ಸೆನಾಲೆಯಲ್ಲೇ ಇದ್ದವು. ಆರ್ಸೆನಾಲೆ ಹಿಂದೆ ವೆನಿಸ್ ಗಣರಾಜ್ಯದ ಹಡಗು ಕಟ್ಟುವ ಅಂಗಳ. ಹಡಗಿನ ಹಗ್ಗ ಹೊಸೆಯುತ್ತಿದ್ದ, 300 ಮೀಟರಿಗೂ ಉದ್ದವಾದ ಕೊರ್ದೆರಿಯೆ ಎಂಬ ಕಟ್ಟಡದಲ್ಲಿ ದಪ್ಪ ಇಟ್ಟಿಗೆಯ ಕಂಬಗಳ ನಡುವೆ ಈಗ ಕಲಾಕೃತಿಗಳನ್ನು ಜೋಡಿಸುತ್ತಾರೆ. ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ನಿಮ್ಮನ್ನು ನಿಲ್ಲಿಸಿದ ಕೃತಿಯ ಮುಂದೆ ಹದಿನೈದು ನಿಮಿಷ ನಿಂತು, ಮಿಕ್ಕವುಗಳಲ್ಲಿ ಕೆಲವನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಿ. ವಿಡಿಯೊ ಕೃತಿಗಳಾದರೆ ಒಳಗೆ ಕೂರುವ ಮೊದಲು ಫಲಕದಲ್ಲಿ ಅವಧಿಯನ್ನು ಓದಿಕೊಳ್ಳಿ.

ಈ ಎರಡು ಆವರಣಗಳಿಗೆ ಟಿಕೆಟ್ ಬೇಕು. ಆದರೆ ಊರಿನ ಹಳೆಯ ಅರಮನೆಗಳಲ್ಲೂ ಚರ್ಚುಗಳಲ್ಲೂ ಹರಡಿರುವ ಅನೇಕ ದೇಶಗಳ ಮಂಟಪಗಳಿಗೆ ಪ್ರವೇಶ ಉಚಿತ. ಕೈ ಬಿಗಿಯಿರುವ ವಿದ್ಯಾರ್ಥಿಗಳು ಇವುಗಳಿಂದಲೇ ಆರಂಭಿಸಬಹುದು.

ಸೋಮವಾರ ಬಿನಾಲೆಗೆ ಸಾಮಾನ್ಯವಾಗಿ ರಜೆ. ಆ ದಿನವನ್ನು ಸ್ಕುವೋಲಾ ಗ್ರಾಂದೆ ದಿ ಸಾನ್ ರೊಕ್ಕೊ ಎಂಬ ಹಳೆಯ ಧಾರ್ಮಿಕ ಸಂಘದ ಭವನಕ್ಕೆ ಇಟ್ಟುಕೊಳ್ಳಿ. ವೆನಿಸ್ಸಿನ ಚಿತ್ರಕಾರ ತಿಂತೊರೆತ್ತೊ 1564ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿನ ಗೋಡೆ, ಚಾವಣಿಗಳಿಗೆ ಚಿತ್ರ ಬರೆದ. ಚಾವಣಿಯ ಚಿತ್ರಗಳನ್ನು ಕತ್ತು ನೋಯಿಸಿಕೊಳ್ಳದೆ ನೋಡಲು ಮಹಡಿಯ ಸಭಾಂಗಣದಲ್ಲಿ ಕೈಗನ್ನಡಿಗಳನ್ನು ಇಟ್ಟಿರುತ್ತಾರೆ. ಕನ್ನಡಿಯನ್ನು ಎದೆಯ ಮಟ್ಟದಲ್ಲಿ ಅಡ್ಡಲಾಗಿ ಹಿಡಿದು ನಿಧಾನವಾಗಿ ನಡೆದರೆ ಒಂದೊಂದೇ ಚಿತ್ರ ಅದರೊಳಗೆ ಬಂದು ನಿಲ್ಲುತ್ತದೆ.

ವೆನಿಸ್ಸಿನೊಳಗೆ ವಸತಿ ದುಬಾರಿಯಾದ್ದರಿಂದ ರೈಲಿನಲ್ಲಿ ಹತ್ತೇ ನಿಮಿಷ ದೂರದ ಮೆಸ್ತ್ರೆಯಲ್ಲಿ ಉಳಿಯಬಹುದು. ಊರಿನ ಕಾಲುವೆಗಳಲ್ಲಿ ಓಡಾಡುವ ಸಾರ್ವಜನಿಕ ದೋಣಿಗೆ ಒಂದೊಂದು ಟಿಕೆಟ್ ತೆಗೆಸುವ ಬದಲು 72 ಗಂಟೆಯ ಪಾಸ್ ಕೊಳ್ಳುವುದು ಲಾಭಕರ. ಪ್ರತಿ ಬಾರಿ ಹತ್ತುವ ಮುನ್ನ ಅದನ್ನು ಕಟ್ಟೆಯ ಮೇಲಿನ ಯಂತ್ರಕ್ಕೆ ತಾಗಿಸಲು ಮರೆಯಬಾರದು.